ಪುಸ್ತಕ ಮುಚ್ಚಿಟ್ಟ ಮೇಲೆ ಏನು? ಕಾರವಾರದಿಂದ ಶಿರಸಿವರೆಗೆ ಓದುವವರಿಗೊಂದು ಹೋಲಿಕೆ

ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಕುಮಟಾಕ್ಕೆ ಬಂದಿಳಿದಳು. ಚೀಲದಲ್ಲಿ ಬಟ್ಟೆಗಿಂತ ಪುಸ್ತಕವೇ ಜಾಸ್ತಿ. ಎರಡು ದಿನ ಜಗಲಿಯಲ್ಲಿ ಬಿದ್ದುಕೊಂಡು ಓದಿದಳು. ಮೂರನೇ ದಿನ ಬೆಳಿಗ್ಗೆ ದೋಸೆ ತಿನ್ನುತ್ತಾ, "ಚಿಕ್ಕಿ, ಓದಿ ಓದಿ ಕಣ್ಣು ನೋಯ್ತಿದೆ. ಹಾಗಂತ ಪುಸ್ತಕ ಬಿಟ್ಟು ಬೇರೆ ಏನೂ ಬೇಡ. ಏನಾದ್ರೂ ಇದೆಯಾ ಇಲ್ಲಿ?" ಅಂದಳು.

ಇದೆ. ಒಂದಲ್ಲ, ಐದಾರು ಇವೆ. ಆದರೆ ಎಲ್ಲವೂ ಎಲ್ಲರಿಗೂ ಆಗುವುದಿಲ್ಲ. ಪುಸ್ತಕ ಮುಗಿಸಿದ ಕೂಡಲೇ ಕೆಲವರಿಗೆ ಯಾರ ಹತ್ತಿರವಾದರೂ ಜಗಳ ಆಡಬೇಕು ಅನಿಸುತ್ತದೆ. ಕೆಲವರಿಗೆ ಆ ಊರಿಗೆ ಹೋಗಿ ನಿಲ್ಲಬೇಕು ಅನಿಸುತ್ತದೆ. ಇನ್ನು ಕೆಲವರಿಗೆ ಮಾತೇ ಬೇಡ, ಸುಮ್ನೆ ಇನ್ನೊಂದು ಸಲ ಕೇಳಿದರೆ ಸಾಕು. ನೀವು ಯಾವ ಪೈಕಿ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ದುಡ್ಡು, ದೂರ, ಮಳೆ ಎಲ್ಲ ಆಮೇಲೆ.

ಆಟವೋ, ತಾಳಮದ್ದಳೆಯೋ?

ನಮ್ಮ ಜಿಲ್ಲೆಗೆ ಬಂದವರಿಗೆ ಎಲ್ಲರೂ ಹೇಳುವುದು ಒಂದೇ, "ಯಕ್ಷಗಾನ ನೋಡಿ". ನಮ್ಮ ಕಡೆ ಅದಕ್ಕೆ ಬರೀ 'ಆಟ' ಅಂತಲೂ ಅನ್ನುತ್ತಾರೆ. ಸರಿ, ನೋಡಲೇಬೇಕು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ಆಡುತ್ತಿದೆ. ಅದೇ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅವರ ದುಷ್ಟಬುದ್ಧಿಯ ಪಾತ್ರದ ಬಗ್ಗೆ ಇವತ್ತಿಗೂ ನಮ್ಮ ಕಡೆ ಮದುವೆ ಮನೆಯಲ್ಲಿ ಮಾತು ಬರುತ್ತದೆ.

ಆ ದುಷ್ಟಬುದ್ಧಿ ಬರುವುದು ಚಂದ್ರಹಾಸನ ಕಥೆಯಲ್ಲಿ. ಕಥೆ ಲಕ್ಷ್ಮೀಶನ ಜೈಮಿನಿ ಭಾರತದ್ದು. ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಗೊತ್ತಿಲ್ಲ, ಯಾಕೆಂದರೆ ಇಡೀ ಕಥೆ ತಿರುಗುವುದು ಒಂದು ಅಕ್ಷರದ ಮೇಲೆ. ಚಂದ್ರಹಾಸನಿಗೆ ವಿಷ ಕೊಡು ಅಂತ ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಪತ್ರ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಹುಡುಗ ದಾರಿಯಲ್ಲಿ ತೋಟದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಮಂತ್ರಿಯ ಮಗಳು ಬಂದು ಪತ್ರ ಬಿಚ್ಚಿ ಓದುತ್ತಾಳೆ. ಅವಳ ಹೆಸರು ವಿಷಯೆ. ಅಪ್ಪ ಕಾಗುಣಿತ ತಪ್ಪಿದ್ದಾನೆ ಅಂದುಕೊಂಡು, 'ವಿಷವ' ಅಂತ ಇದ್ದದ್ದನ್ನು ಕಣ್ಣಿನ ಕಾಡಿಗೆಯಿಂದಲೇ 'ವಿಷಯೆ' ಅಂತ ತಿದ್ದಿಬಿಡುತ್ತಾಳೆ. ಸಾಯಬೇಕಾದವನಿಗೆ ಮದುವೆ! ಕರಡು ತಿದ್ದುವ ಕೆಲಸ ಮಾಡುವವರೆಲ್ಲ ಈ ಆಟವನ್ನು ಒಮ್ಮೆ ನೋಡಬೇಕು.

ಆದರೆ ಆಟಕ್ಕೆ ಹೋಗುವಾಗ ಒಂದು ಮಾತು. ಹರಕೆ ಆಟ ಪುಕ್ಕಟೆ, ಬಯಲಿನಲ್ಲಿ, ರಾತ್ರಿಯಿಡೀ. ಕಾಲಮಿತಿಯ ಆಟ ಮೂರು ನಾಲ್ಕು ತಾಸಿನಲ್ಲಿ ಮುಗಿಯುತ್ತದೆ. ಮೊದಲ ಸಲ ಹೋಗುವವರು ಕಾಲಮಿತಿಗೇ ಹೋಗಿ. ಅಕ್ಕನ ಮಗಳನ್ನು ಮೊದಲ ದಿನವೇ ಇಡೀ ರಾತ್ರಿಯ ಆಟಕ್ಕೆ ಕರೆದುಕೊಂಡು ಹೋಗಿ ನಾನು ತಪ್ಪು ಮಾಡಿದೆ. ಚಂಡೆಯ ಪೆಟ್ಟಿಗೂ ಏಳದಷ್ಟು ಗಾಢವಾಗಿ ಅವಳು ಕುರ್ಚಿಯಲ್ಲೇ ಮಲಗಿದ್ದಳು. ಎಚ್ಚರವಾದಾಗ ಬೆಳಗಿನ ಜಾವ. ರಾಕ್ಷಸ ಯಾವಾಗಲೋ ಸತ್ತಾಗಿತ್ತು. "ನಂಗೆ ಯಾರು ಯಾರನ್ನ ಕೊಂದ್ರು ಅಂತಾನೂ ಗೊತ್ತಾಗಿಲ್ಲ ಚಿಕ್ಕಿ" ಅಂದಳು. ಪ್ರಸಂಗದ ಕಥೆಯನ್ನು ಮೊದಲೇ ಓದಿಕೊಂಡು ಹೋದರೆ ಈ ತಾಪತ್ರಯ ಇರುವುದಿಲ್ಲ. ಪ್ರಸಂಗ ಪುಸ್ತಕಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ.

ನನ್ನನ್ನು ಕೇಳಿದರೆ, ಪುಸ್ತಕದ ಹುಚ್ಚಿನವರಿಗೆ ಆಟಕ್ಕಿಂತ ತಾಳಮದ್ದಳೆ ಮೇಲು. ಇದನ್ನು ಹೇಳಿದರೆ ನಮ್ಮ ಮನೆಯಲ್ಲೇ ಅರ್ಧ ಜನ ನನ್ನ ಮೇಲೆ ಸಿಟ್ಟಾಗುತ್ತಾರೆ. ಇರಲಿ.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ, ಅಂಗಿ, ಹೆಗಲ ಮೇಲೊಂದು ಶಾಲು ಹಾಕಿಕೊಂಡ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆಮೇಲೆ ಆ ನಾಲ್ಕು ಸಾಲಿನ ಅರ್ಥವನ್ನು ಕೃಷ್ಣನೋ ಕೌರವನೋ ಆಗಿ, ಅಲ್ಲೇ ಹುಟ್ಟಿಸಿದ ಮಾತಿನಲ್ಲಿ ಅರ್ಧ ತಾಸು ಹೇಳುತ್ತಾರೆ. ಬರೆದಿಟ್ಟುಕೊಂಡದ್ದು ಏನೂ ಇಲ್ಲ. ಎದುರಿನವರು ಏನು ಕೇಳುತ್ತಾರೆ ಅಂತಲೂ ಗೊತ್ತಿಲ್ಲ.

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಶಿರಸಿ ಹತ್ತಿರದ ಒಂದು ದೇವಸ್ಥಾನದಲ್ಲಿ ಕೃಷ್ಣ ಸಂಧಾನ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಮೂವತ್ತು ನಲವತ್ತು ಜನ ಇದ್ದಿರಬಹುದು. ಕೌರವ ಕೇಳಿದ್ದು ಎಲ್ಲರಿಗೂ ಗೊತ್ತಿರುವ ಪ್ರಶ್ನೆಯೇ. ಸಂಧಾನಕ್ಕೆ ಅಂತ ಬಂದವನು ಅರಮನೆಯ ಊಟ ಬಿಟ್ಟು ವಿದುರನ ಮನೆಗೆ ಯಾಕೆ ಹೋದೆ? ಕೃಷ್ಣ ಭಕ್ತಿಯ ಮಾತಾಡಿದರು. ಕೌರವ ಬಿಡಲಿಲ್ಲ. "ಹಾಗಾದರೆ ನೀನು ಬಂದದ್ದು ರಾಯಭಾರಿಯಾಗಿಯೋ, ದೇವರಾಗಿಯೋ? ರಾಯಭಾರಿಯಾದರೆ ನನ್ನ ಮನೆಯಲ್ಲಿ ಉಣ್ಣಬೇಕಿತ್ತು. ದೇವರಾದರೆ ಸಂಧಾನ ಯಾಕೆ ಬೇಕು, ಅಪ್ಪಣೆ ಮಾಡಬಹುದಿತ್ತಲ್ಲ?" ಸಭೆಯಲ್ಲಿ ಒಂದು ಕ್ಷಣ ಮಳೆಯ ಸದ್ದು ಮಾತ್ರ. ಪಕ್ಕದಲ್ಲಿ ಎಲೆ-ಅಡಿಕೆಯ ಕವಳ ಹಾಕಿಕೊಂಡು ಕೂತಿದ್ದ ಅಜ್ಜನೊಬ್ಬ ಬಾಯಲ್ಲಿದ್ದುದನ್ನು ನುಂಗಿಯೇಬಿಟ್ಟ. ಕೃಷ್ಣ ಶಾಲು ಸರಿಮಾಡಿಕೊಂಡು ನಕ್ಕರು. ಆ ನಗು ಪಾತ್ರದ್ದೋ, ಉತ್ತರ ಹುಡುಕಲು ತೆಗೆದುಕೊಂಡ ಸಮಯವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹೇಳಿದರು, "ಹಸಿದವನು ಉಣ್ಣುವುದು ಎಲೆ ಇದ್ದಲ್ಲಿ ಅಲ್ಲ ಕೌರವ, ಕರೆ ಇದ್ದಲ್ಲಿ."

ಮನೆಗೆ ಬಂದವಳೇ ಕುಮಾರವ್ಯಾಸನ ಉದ್ಯೋಗ ಪರ್ವ ತೆಗೆದು ಕೂತೆ. ಪುಸ್ತಕದಿಂದ ಆಟಕ್ಕೆ ಹೋಗುವುದು ಸುಲಭ. ಆಟದಿಂದ ಪುಸ್ತಕಕ್ಕೆ ವಾಪಸ್ ಕಳಿಸುವುದು ತಾಳಮದ್ದಳೆ ಮಾತ್ರ.

ಇದರಲ್ಲಿ ಒಂದು ಕೊರತೆ ಇದೆ. ಮಹಾಭಾರತ, ರಾಮಾಯಣದ ಕಥೆ ಅಷ್ಟಿಷ್ಟಾದರೂ ಗೊತ್ತಿರಬೇಕು. ಇಲ್ಲದಿದ್ದರೆ ಇಬ್ಬರು ದೊಡ್ಡವರು ಕೂತು ಜಗಳ ಆಡಿದ ಹಾಗೆ ಕಾಣುತ್ತದೆ. ಚಿಕ್ಕ ಮಕ್ಕಳಿದ್ದರೆ ಆಟಕ್ಕೇ ಹೋಗಿ, ಕಿರೀಟ, ಬಣ್ಣ ನೋಡಿಯಾದರೂ ಎಚ್ಚರ ಇರುತ್ತವೆ. ಇನ್ನು ಕಾಲ: ಆಟ ಜಾಸ್ತಿ ಇರುವುದು ದೀಪಾವಳಿ ಕಳೆದ ಮೇಲಿಂದ ಮಳೆ ಹಿಡಿಯುವವರೆಗೆ. ತಾಳಮದ್ದಳೆ ಮಳೆಗಾಲದಲ್ಲೇ ಜಾಸ್ತಿ. ಹಾಗಾಗಿ ನೀವು ಬರುವ ತಿಂಗಳೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಊರು ನೋಡಲು ಹೋಗುವವರಿಗೆ

ಬರೆದವರ ಊರು, ಕಥೆಯ ಊರು ಹುಡುಕಿಕೊಂಡು ಹೋಗುವುದು ಈಗ ಫ್ಯಾಶನ್ನು. ನಮ್ಮಲ್ಲಿ ಅದಕ್ಕೆ ಬರವಿಲ್ಲ. ಯಶವಂತ ಚಿತ್ತಾಲರ ಹನೇಹಳ್ಳಿ, ಜಯಂತ ಕಾಯ್ಕಿಣಿಯವರ ಗೋಕರ್ಣ, ದಿನಕರ ದೇಸಾಯಿ ಮತ್ತು ವಿವೇಕ ಶಾನಭಾಗರ ಅಂಕೋಲಾ ಸೀಮೆ, ಘಟ್ಟ ಹತ್ತಿದರೆ ಪಂಪನ ಬನವಾಸಿ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಜನ!

ಆದರೆ ಹೇಳಿಬಿಡುತ್ತೇನೆ, ಬರೀ ನೋಡಲು ಹೋದರೆ ನಿರಾಸೆ ಖಂಡಿತ. ಹನೇಹಳ್ಳಿಗೆ ಹೋದರೆ ಕಾಣುವುದು ತೆಂಗು, ಗದ್ದೆ, ಹಂಚಿನ ಮನೆ. ಅದು ಅಘನಾಶಿನಿಯಿಂದ ಗಂಗಾವಳಿವರೆಗೆ ಎಲ್ಲ ಊರಿನಲ್ಲೂ ಕಾಣುತ್ತದೆ. ಚಿತ್ತಾಲರ ಹನೇಹಳ್ಳಿ ಇರುವುದು ಮುಂಬಯಿಯಲ್ಲಿ ಕೂತು ನೆನೆಸಿಕೊಂಡ ಮನಸ್ಸಿನಲ್ಲಿ. ನೆಲದ ಮೇಲೆ ಅದನ್ನು ಹುಡುಕುವುದು ಕಷ್ಟ.

ಒಮ್ಮೆ ನಾನು ಒಬ್ಬ ಟೂರಿನವನಿಗೆ ತಲೆಗೆ ಎಂಟುನೂರು ರೂಪಾಯಿ ಕೊಟ್ಟು 'ಸಾಹಿತ್ಯ ದರ್ಶನ'ಕ್ಕೆ ಹೋಗಿದ್ದೆ. ಆತ ಒಂದು ಮನೆಯ ಎದುರು ಗಾಡಿ ನಿಲ್ಲಿಸಿ, ಒಬ್ಬ ದೊಡ್ಡ ಕವಿಯ ಹೆಸರು ಹೇಳಿ, ಹುಟ್ಟಿದ ಮನೆ ಇದೇ ಅಂದ. ಎಲ್ಲರೂ ಫೋಟೋ ತೆಗೆದುಕೊಂಡೆವು. ಒಳಗಿನಿಂದ ಹೆಂಗಸೊಬ್ಬಳು ಬಂದು, "ಅಲ್ಲ ಮಾರಾಯ್ರೆ, ನೀವು ಪ್ರತಿ ವಾರ ಬರ್ತ್ರಿ, ಪ್ರತಿ ವಾರ ನಾನು ಹೇಳ್ತೆ, ಅದು ಆಚೆ ಕೇರಿ" ಅಂದಳು. ಇದಕ್ಕೆ ದುಡ್ಡು ಕೊಡಬೇಡಿ. ಬಸ್ಸಿಗೆ ಹೋಗಿ, ಅಂಗಡಿಯಲ್ಲಿ ಚಾ ಕುಡಿದು, ಕೇಳಿ. ಹೇಳುತ್ತಾರೆ.

ಇದಕ್ಕೆ ಹೊರತಾದ ಜಾಗ ಎರಡು. ಒಂದು ಕಾರವಾರದ ಕಡಲತೀರ. 1880ರ ದಶಕದ ಮೊದಲ ವರ್ಷಗಳಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮನಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಇಲ್ಲಿದ್ದಾಗಲೇ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಅವರ ನೆನಪುಗಳ ಪುಸ್ತಕದಲ್ಲಿ ಕಾರವಾರಕ್ಕೆ ಅಂತಲೇ ಒಂದು ಪುಟ್ಟ ಅಧ್ಯಾಯ ಇದೆ. ಗಾಳಿಮರದ ತೋಪು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯ ತಿರುಗಾಟ, ವಾಪಸ್ ಬರುವಾಗ ನದಿ ಕಡಲು ಸೇರುವಲ್ಲಿ ಇಳಿದು ಮರಳಿನ ಮೇಲೆ ನಡೆದದ್ದು, ಎಲ್ಲ ಅದರಲ್ಲಿದೆ. ನಾಲ್ಕೈದು ಪುಟ ಅಷ್ಟೇ.

ಆ ಪುಟಗಳನ್ನು ಮನೆಯಲ್ಲಿ ಓದಬೇಡಿ. ಹುಣ್ಣಿಮೆ ಹತ್ತಿರದ ಒಂದು ಸಂಜೆ ಇಟ್ಟುಕೊಂಡು ಅಲ್ಲೇ ಓದಿ. ನಾವು ಐದೂವರೆಗೆ ಯುದ್ಧನೌಕೆಯ ಮ್ಯೂಸಿಯಮ್ ಹತ್ತಿರ ಬಸ್ಸಿಳಿದೆವು. ಮಕ್ಕಳ ಗಲಾಟೆ, ಗೋಬಿ ಮಂಚೂರಿಯ ವಾಸನೆ, ಹೆದ್ದಾರಿಯಲ್ಲಿ ಲಾರಿಯ ಸದ್ದು. ಉತ್ತರಕ್ಕೆ, ಕೋಡಿಬಾಗದ ದಿಕ್ಕಿಗೆ ನಡೆಯುತ್ತಾ ಹೋದ ಹಾಗೆ ಜನ ಕಡಿಮೆಯಾದರು. ಒಂದು ಕಡೆ ಕೂತು ಅಕ್ಕನ ಮಗಳು ಗಟ್ಟಿಯಾಗಿ ಓದಿದಳು. ಬೆಳಕು ಸಾಲದೆ ಕೊನೆಯ ಪುಟಕ್ಕೆ ಮೊಬೈಲ್ ಬ್ಯಾಟರಿ ಹಿಡಿದೆವು. ಓದಿ ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಲಡಿಗೆ ಮರಳು ತಣ್ಣಗಾಗಿತ್ತು. ಖರ್ಚು ಅಂದರೆ ಬಸ್ ಚಾರ್ಜು ಮತ್ತು ಎರಡು ಪ್ಲೇಟು ಬನ್ಸು.

ಇನ್ನೊಂದು ಬನವಾಸಿ. ಶಿರಸಿಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೇ. ಪಂಪ ಹತ್ತನೇ ಶತಮಾನದಲ್ಲಿ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯನ್ನು ನೆನೆಯುವ ಪದ್ಯಗಳು ನಾಲ್ಕೋ ಐದೋ. ಶಾಲೆಯಲ್ಲಿ ಬಾಯಿಪಾಠ ಮಾಡಿ ಬೇಜಾರಾದವರೂ ಮಧುಕೇಶ್ವರ ದೇವಸ್ಥಾನದ ಕಲ್ಲುಕಂಬದ ಬುಡದಲ್ಲಿ ಕೂತು ಒಮ್ಮೆ ಹೇಳಿ ನೋಡಿ. ಕದಂಬೋತ್ಸವದ ಸಮಯಕ್ಕೆ ಹೋದರೆ ಹಾಡು, ಕುಣಿತ, ಊಟ ಎಲ್ಲ ಸಿಗುತ್ತದೆ. ಪದ್ಯ ಹೇಳಲು ಜಾಗ ಸಿಗುವುದಿಲ್ಲ. ನಾನಾದರೆ ಜನ ಇಲ್ಲದ ಬುಧವಾರ ಆರಿಸುತ್ತೇನೆ.

ಸಿನೆಮಾ

ಪುಸ್ತಕ ಓದಿ ಸಿನೆಮಾ ನೋಡಿ "ಪುಸ್ತಕವೇ ಚೆನ್ನಾಗಿತ್ತು" ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆ ಕಡಿಮೆ. ಚೆನ್ನಾಗಿತ್ತು, ಸರಿ. ಬೇರೆ ಏನಾಯಿತು ಅಂತ ನೋಡುವುದರಲ್ಲಿ ಮಜಾ ಇದೆ.

ಶುರು ಮಾಡಲು ವೈದೇಹಿಯವರ 'ಗುಲಾಬಿ ಟಾಕೀಸು' ಕಥೆ ಹಿಡಿಯಿರಿ. ಕಥೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ, ಹೆಂಗಸರ ಲೋಕ ಅದರಿಂದ ಅಲ್ಲಾಡುತ್ತದೆ. ಗಿರೀಶ ಕಾಸರವಳ್ಳಿಯವರು ಅದನ್ನು 2008ರಲ್ಲಿ ಸಿನೆಮಾ ಮಾಡುವಾಗ ಮೀನುಗಾರರ ಊರಿಗೆ, ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದರು. ಟಾಕೀಸಿನ ಜಾಗದಲ್ಲಿ ಟಿ.ವಿ., ಡಿಶ್ ಆಂಟೆನಾ. ಮೊದಲು ಕಥೆ ಓದಿ, ಆಮೇಲೆ ಸಿನೆಮಾ ನೋಡಿ, ಆಮೇಲೆ ಊಟಕ್ಕೆ ಕೂತು ಜಗಳ ಆಡಿ. ನಮ್ಮ ಕರಾವಳಿಯಲ್ಲಿ ದೋಣಿಯವರ ಮನೆಗೆ ಮೊದಲ ಟಿ.ವಿ. ಬಂದದ್ದನ್ನು ಕಣ್ಣಾರೆ ನೋಡಿದವರು ಮನೆಯಲ್ಲಿದ್ದರೆ ಜಗಳ ಇನ್ನೂ ರುಚಿ. ನಮ್ಮ ಅತ್ತೆ ಸಿನೆಮಾದ ಪರ, ನಾನು ಕಥೆಯ ಪರ. ಸಾರು ತಣ್ಣಗಾಯಿತು.

ಸಿನೆಮಾ ಆದ ನಾ. ಡಿಸೋಜರ ಕಾದಂಬರಿ 'ದ್ವೀಪ' ಇನ್ನೊಂದು. ಅದು ಶರಾವತಿಯ ಮುಳುಗಡೆಯ ಕಥೆ. ನಮ್ಮ ಜಿಲ್ಲೆಯಲ್ಲಿ ಕಾಳಿಯ ಅಣೆಕಟ್ಟಿಗೆ ಮನೆ ಬಿಟ್ಟು ಬಂದವರಿದ್ದಾರೆ. ಅವರ ಜೊತೆ ನೋಡುವಾಗ ಸಿನೆಮಾದ ಬಗ್ಗೆ ಚರ್ಚೆ ನಡೆಯುವುದಿಲ್ಲ. ಅವರು ಬೇರೆಯೇ ಏನೋ ಹೇಳಲು ಶುರು ಮಾಡುತ್ತಾರೆ. ಕೇಳಿಸಿಕೊಳ್ಳಿ.

ಒಬ್ಬರೇ ನೋಡುವುದಾದರೆ ಇದನ್ನು ಆರಿಸಬೇಡಿ. ಒಬ್ಬರೇ ಇದ್ದರೆ ಕಿವಿಗೆ ಕೆಲಸ ಕೊಡಿ.

ಕೇಳುವ ಪುಸ್ತಕ

ನನ್ನ ಗಂಡನ ಮನೆ ಘಟ್ಟದ ಮೇಲೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೂ ಸುಲಿಯುವುದು ಇರುತ್ತದೆ. ಮುಂದೆ ಮೆಟ್ಟುಗತ್ತಿ, ಪಕ್ಕದಲ್ಲಿ ಹಸಿ ಅಡಿಕೆಯ ರಾಶಿ, ಕೈ ಪೂರ್ತಿ ಕಪ್ಪು. ಈ ಕೈಯಲ್ಲಿ ಪುಸ್ತಕ ಹಿಡಿಯುವ ಹಾಗಿಲ್ಲ. ಮೊದಲೆಲ್ಲ ರೇಡಿಯೋ ಹಚ್ಚಿಡುತ್ತಿದ್ದರು. ಈಗ ಮೊಬೈಲಿನಲ್ಲಿ ಕನ್ನಡದ ಕೇಳುವ ಪುಸ್ತಕಗಳು ಸಿಗುತ್ತವೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಒಂದೊಂದೇ ಪುಸ್ತಕ ಕೊಳ್ಳಬಹುದು.

ಒಂದು ಅನುಭವ: ಕಾದಂಬರಿ ಹಚ್ಚಿದರೆ ಕೈ ನಿಧಾನವಾಗುತ್ತದೆ. ಪತ್ತೇದಾರಿ ಕಥೆಯಾದರಂತೂ ಎಲ್ಲರೂ ಕತ್ತಿ ಬಿಟ್ಟು ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಸಣ್ಣ ಕಥೆ, ಹರಟೆ, ಗಮಕ ಇವು ಕೆಲಸದ ಜೊತೆ ಹೊಂದುತ್ತವೆ. ಗಮಕಕ್ಕಂತೂ ಸುಲಿಯುವ ಕೈ ತಾನಾಗಿಯೇ ಲಯ ಹಿಡಿಯುತ್ತದೆ. ಕುಮಟಾ–ಶಿರಸಿ ಬಸ್ಸಿಗೂ ಇದೇ ಸರಿ. ದೇವಿಮನೆ ಘಟ್ಟದಲ್ಲಿ ಪುಸ್ತಕ ಬಿಚ್ಚಿ ಓದಿದವರ ಗತಿ ಏನಾಗುತ್ತದೆ ಅಂತ ಕಿಟಕಿ ಪಕ್ಕ ಕೂತವರಿಗೆ ಗೊತ್ತು.

ದುಡ್ಡಿನ ವಿಷಯ: ವರ್ಷದ ಚಂದಾ ಅಂತ ಕರೆದರೆ ಯೋಚಿಸಿ. ನಾನು ಒಂದು ಕಡೆ ವರ್ಷಕ್ಕೆ ಅಂತ ಕಟ್ಟಿ, ಕೇಳಿದ್ದು ಎರಡೇ ಪುಸ್ತಕ. ಮರುವರ್ಷ ನನ್ನನ್ನು ಕೇಳದೇ ಮತ್ತೆ ಖಾತೆಯಿಂದ ದುಡ್ಡು ಹೋಯಿತು. ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ಹುಡುಕಿದ್ದೇ ಒಂದು ಪತ್ತೇದಾರಿ ಕಥೆ.

ಮನೆಯಲ್ಲೇ ಆಡುವುದು

ಮಳೆ ಹಿಡಿದು ಕರೆಂಟು ಹೋದ ದಿನ ಎಲ್ಲಿಗೂ ಹೋಗುವ ಹಾಗಿಲ್ಲ. ಆಗ ಚುಟುಕದ ಆಟ. ಚುಟುಕಬ್ರಹ್ಮ ಅಂತ ಕರೆಸಿಕೊಂಡ ದಿನಕರ ದೇಸಾಯಿ ನಮ್ಮ ಅಂಕೋಲಾ ಕಡೆಯವರೇ ಅಲ್ವಾ? ನಾಲ್ಕು ಸಾಲು, ಎರಡೆರಡು ಸಾಲಿಗೆ ಪ್ರಾಸ, ಕೊನೆಯಲ್ಲೊಂದು ಚಿವುಟು. ಒಬ್ಬರು ಮೊದಲ ಎರಡು ಸಾಲು ಹೇಳಬೇಕು, ಎದುರಿನವರು ಐದು ನಿಮಿಷದಲ್ಲಿ ಉಳಿದೆರಡು ಕಟ್ಟಬೇಕು. ಅಕ್ಕನ ಮಗಳು ಹೇಳಿದ್ದು:

ಮಳೆಗಾಲ ಬಂತೆಂದು ಕೊಡೆ ತಂದೆ ನಾನು,
ಕೊಡೆ ಬಿಚ್ಚಿ ನೋಡಿದರೆ ಕಾಣುತಿದೆ ಬಾನು!

ಅಡುಗೆಮನೆಯಿಂದ ಅತ್ತೆ ಮುಗಿಸಿದರು:

ಅಂಗಡಿಗೆ ಮರಳಿದರೆ ಅವನೆಂದ ನಕ್ಕು,
ಕಡಲ ಗಾಳಿಯ ಮುಂದೆ ಕೊಡೆಗೆಲ್ಲಿ ಹಕ್ಕು?

ಅತ್ತೆ ಓದಿದ್ದು ಏಳನೇ ಇಯತ್ತೆ. ಅಂತ್ಯಾಕ್ಷರಿಗಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ. ಅಂತ್ಯಾಕ್ಷರಿಯಲ್ಲಿ ನೆನಪಿದ್ದವರು ಗೆಲ್ಲುತ್ತಾರೆ, ಇದರಲ್ಲಿ ತುಂಟರು ಗೆಲ್ಲುತ್ತಾರೆ. ಅಂತ್ಯಾಕ್ಷರಿಯೇ ಬೇಕಾದರೆ ಒಂದು ಕಟ್ಟಳೆ ಸೇರಿಸಿ: ಹಾಡಿದ ಮೇಲೆ ಬರೆದವರ ಹೆಸರು ಹೇಳಬೇಕು. 2006ರ 'ಮುಂಗಾರು ಮಳೆ'ಯ 'ಅನಿಸುತಿದೆ' ಹಾಡಿದವರಲ್ಲಿ ಎಷ್ಟು ಜನ ಅದು ಗೋಕರ್ಣದ ಕಥೆಗಾರರು ಬರೆದದ್ದು ಅಂತ ಹೇಳುತ್ತಾರೆ, ನೋಡಿ.

ನಾಟಕದ ಬಗ್ಗೆ ಒಂದೇ ಮಾತು. ಸಾಗರದ ಹತ್ತಿರದ ಹೆಗ್ಗೋಡಿನ ನೀನಾಸಂ ತಿರುಗಾಟ ನಾಟಕ ತಂಡ 1985ರಿಂದ ಊರೂರು ಸುತ್ತುತ್ತಿದೆ. ನಿಮ್ಮೂರಿಗೆ ಬಂದರೆ ಬಿಡಬೇಡಿ. ಬರಲಿಲ್ಲವಾದರೆ ಶಿರಸಿಯವರಿಗೆ ಹೆಗ್ಗೋಡು ಅಂಥ ದೂರವೇನಲ್ಲ. ಕಾರವಾರದವರಿಗೆ ದೂರವೇ.

ಅಕ್ಕನ ಮಗಳು ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ, ಯಾವುದು ಇಷ್ಟವಾಯಿತು ಅಂತ. ಕಾರವಾರದ ಮರಳು ಅನ್ನುತ್ತಾಳೆ ಅಂದುಕೊಂಡಿದ್ದೆ. "ಅದ್ಯಾವುದೋ ಕೌರವ, ವಿದುರನ ಮನೆ ಊಟ ಅಂದ್ಯಲ್ಲ ಚಿಕ್ಕಿ, ಅದು. ನಾನು ನೋಡಲೇ ಇಲ್ಲ. ಶ್ರಾವಣದಲ್ಲಿ ಬರ್ತೀನಿ" ಅಂದಳು. ಬಾ ಮಾರಾಯ್ತಿ ಅಂದೆ. ಉದ್ಯೋಗ ಪರ್ವ ಓದಿಕೊಂಡು ಬಾ, ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಾ, ಕೊಡೆ ಮಾತ್ರ ಅಲ್ಲೇ ಬೆಂಗಳೂರಿನಲ್ಲೇ ನೋಡಿ ತಗೋ.